ಕಲ್ಲಿನ ತೇರಿಗೆ ಗೋಪುರ ಇತ್ತು, ಗೊತ್ತೇನ್ರೀ?

ಹಂಪಿಗೆ ಹೋದವರೆಲ್ಲ ಕಲ್ಲಿನ ತೇರಿನ ಮುಂದೆ ನಿಂತು ಫೋಟೋ ಹೊಡೆಸಿಕೊಂಡು ಬರ್ತಾರೆ. ಫೋಟೋದಲ್ಲಿ ತೇರು ಕಾಲು ಭಾಗ, ನಮ್ಮ ಹೀರೋ ಮುಕ್ಕಾಲು ಭಾಗ! ಆದರೆ 1856ರ ಒಂದು ಫೋಟೋ ಇದೆ. ಅದರಲ್ಲಿ ತೇರಿನ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರ ಕಾಣುತ್ತೆ. ಇವತ್ತು ಅದಿಲ್ಲ. ಜೇಬಿನಲ್ಲಿರೋ ಐವತ್ತರ ಹೊಸ ನೋಟು ತಿರುಗಿಸಿ ನೋಡಿ, ಅಲ್ಲೂ ಬೋಳು ತೇರೇ!

ಆ ಫೋಟೋ ತೆಗೆದವರು ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ. ಆಗ ಫಿಲ್ಮ್ ರೋಲು ಹುಟ್ಟೇ ಇರಲಿಲ್ಲ. ಮೇಣ ಹೀರಿದ ಕಾಗದವೇ ನೆಗೆಟಿವ್. ಕ್ಯಾಮೆರಾ ಅಂದರೆ ದೊಡ್ಡ ಪೆಟ್ಟಿಗೆ. ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯಬೇಕು. ಆ ಹೊತ್ತಿನಲ್ಲಿ ಯಾರಾದರೂ ಅಡ್ಡ ನಡೆದು ಹೋದರೂ ಕಾಗದದ ಮೇಲೆ ಬೀಳೋದಿಲ್ಲ. ಅಲುಗಾಡದೆ ನಿಂತದ್ದು ಮಾತ್ರ ಉಳಿಯುತ್ತೆ.

1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಬಂದರು. ಗ್ರೀನ್‌ಲಾ ಕ್ಯಾಮೆರಾ ಇಟ್ಟ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ 127 ವರ್ಷ ಒಂದೇ ಕಟ್‌ನಲ್ಲಿ ದಾಟಿಹೋಗುತ್ತೆ! ನಮ್ಮ ನಿರ್ಮಾಪಕರು ಒಂದು ಫ್ಲ್ಯಾಶ್‌ಬ್ಯಾಕಿಗೆ ಲಕ್ಷಗಟ್ಟಲೆ ಸುರೀತಾರೆ, ಬಿಡಿ.

"ಅಣ್ಣಾ, ನಮ್ಮ ಹತ್ರ ಎಲ್ಲೈತಿ ಅಂಥಾ ಕ್ಯಾಮೆರಾ?" ಅಂತಾರೆ ಕಂಪ್ಲಿಯ ಕಾಲೇಜು ಹುಡುಗರು. ಮೊಬೈಲ್ ಸಾಕು ಕಣ್ರಪ್ಪ. ಡ್ಯಾಂನಿಂದ ಜಾಸ್ತಿ ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗೋದು ನಿಮಗೆ ಹೊಸದಲ್ಲ. ದಡದಲ್ಲಿ ಎತ್ತರದ ಒಂದು ಬಂಡೆ ಗೊತ್ತು ಮಾಡಿಕೊಳ್ಳಿ. ಬೇಸಿಗೆಯಲ್ಲೂ ಹೊಳೆ ತುಂಬಿದಾಗಲೂ ಅಲ್ಲಿಂದಲೇ ತೆಗೀರಿ. ಹೊತ್ತು ಮುಳುಗಿದ ಮೇಲೆ ಮೊಬೈಲನ್ನು ಕಲ್ಲಿಗೆ ಒರಗಿಸಿ, ಶಟರನ್ನು ನಾಲ್ಕೈದು ಸೆಕೆಂಡು ತೆರೆದಿಟ್ಟು ನೋಡಿ... ತುಂಗಭದ್ರೆ ಹೊಗೆಯ ಹಾಗೆ ಹರೀತಾಳೆ!

ಮರದ ನೆರಳು, ಗವಿಯ ಕತ್ತಲೆಗೆ ಲೈಟು ಎಲ್ಲಿಂದ ತರೋದು? ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರನ್ನು ನೆನೆಸಿಕೊಳ್ಳಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1946ರಲ್ಲಿ ಛಾಯಾಗ್ರಹಣ ಓದಿ ಮುಗಿಸಿದವರು. ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ ಸ್ಟುಡಿಯೋ ಕತ್ತಲೆಯನ್ನು ಸೀಳಿ ಬರೋ ಆ ಬೆಳಕಿನ ಕೋಲು ಇದೆಯಲ್ಲ, ಅದು ಕನ್ನಡಿ ಹಿಡಿದು ಒಳಗೆ ತಿರುಗಿಸಿದ ಬಿಸಿಲು! 2008ರ ಫಾಲ್ಕೆ ಪ್ರಶಸ್ತಿ ಈ ಕನ್ನಡಿಗನಿಗೆ ಬಂತು. ನಿಮ್ಮ ಮನೆಯ ಕ್ಷೌರದ ಕನ್ನಡಿ ಎರಡು ಚೀಲಕ್ಕೆ ಹಾಕಿಕೊಂಡು ಹೊರಡಿ.

ಇದು ಬರೀ ಷೋಕಿ ಅಂತ ತಿಳೀಬೇಡಿ. ಹಂಪಿ ಬಜಾರಿನ ಸಾಲು ಮಂಟಪಗಳಲ್ಲಿ ಮನೆ, ಅಂಗಡಿ, ಹೋಟೆಲು ಇದ್ದವು. 2011ರ ಜುಲೈನಲ್ಲಿ ಕೆಡವಿದರು. ಸ್ಮಾರಕ ಉಳೀಬೇಕು ಅನ್ನೋದು ಸರಿಯೇ, ಆದರೆ ಅಲ್ಲಿ ಒಲೆ ಹಚ್ಚಿದವರೂ ಇದ್ದರಲ್ಲ? ಇವತ್ತು ಹೋಗೋ ಹುಡುಗನಿಗೆ ಖಾಲಿ ಬೀದಿ ಕಾಣುತ್ತೆ, ಯಾವಾಗಲೂ ಹೀಗೇ ಇತ್ತು ಅಂದ್ಕೋತಾನೆ. ಆ ಬೀದಿಯವರ ಮದುವೆ ಆಲ್ಬಂನಲ್ಲಿ ವಧೂವರರ ಹಿಂದೆ ಇಣುಕೋ ಗೋಡೆಯೇ ಈಗ ಸಾಕ್ಷಿ.

ಸಂಡೂರಿನ ಬೆಟ್ಟಗಳದ್ದೂ ಅದೇ ಕಥೆ. ಅದಿರಿಗಾಗಿ ಅಗೆದ ಬೆಟ್ಟ ಮತ್ತೆ ಬೆಳೆಯೋದಿಲ್ಲ. ಪುಟ್ಟಣ್ಣನವರು 'ಮಾನಸ ಸರೋವರ' (1982) ಚಿತ್ರಕ್ಕೆ ಕ್ಯಾಮೆರಾ ಇಟ್ಟದ್ದು ಈ ಸಂಡೂರಿನಲ್ಲೇ. ಮೊಬೈಲ್‌ನಲ್ಲಿ ಆ ಚಿತ್ರ ಹಾಕಿ, ಹೊರಾಂಗಣದ ದೃಶ್ಯ ಬಂದಾಗ ನಿಲ್ಲಿಸಿ. ಶ್ರೀನಾಥ್‌ರನ್ನೂ ಪದ್ಮಾವಾಸಂತಿಯನ್ನೂ ಒಂದು ನಿಮಿಷ ಮರೆತು ಹಿಂದಿನ ಬೆಟ್ಟದ ಅಂಚು ನೋಡಿ. ಆ ಜಾಗ ಹುಡುಕಿಕೊಂಡು ಹೋಗಿ, ಅದೇ ಫ್ರೇಮು ಕಟ್ಟಿ. ಹೊಸಪೇಟೆಯಿಂದ ಸಂಡೂರಿಗೆ ಬಸ್ಸು ಬೇಕಾದಷ್ಟಿವೆ.