ಪುಟ್ಟಿಗೆ ಯಾವ ವೇಷ ಹಾಕೋಣ?

‘ನಾಡಿದ್ದು ಫ್ಯಾನ್ಸಿ ಡ್ರೆಸ್. ಮಕ್ಕಳನ್ನು ತಯಾರು ಮಾಡಿ ಕಳಿಸಿ’ ಅಂತ ಸ್ಕೂಲ್ ಡೈರಿಯಲ್ಲಿ ಒಂದು ಸಾಲು ಬಂದರೆ ಮುಗೀತು, ಮನೆಯಲ್ಲಿ ಯುದ್ಧಕಾಲ! ಅಜ್ಜಿಗೆ ಮೊಮ್ಮಗು ಕೃಷ್ಣನೇ ಆಗಬೇಕು. ಅಪ್ಪನಿಗೆ ಅಣ್ಣಾವ್ರ ಮಯೂರ. ಎದುರು ಮನೆ ಆಂಟಿ ಬಂದು, ‘ಹೋದ ವರ್ಷ ನಮ್ಮವಳಿಗೆ ಓಬವ್ವನ ವೇಷ ಹಾಕಿಸಿದ್ವಿ, ಫಸ್ಟ್ ಪ್ರೈಜ್ ಬಂತು ಗೊತ್ತಾ’ ಅಂದು ಹೋಗುತ್ತಾರೆ. ಮಗು ಮಾತ್ರ ಮೂಲೆಯಲ್ಲಿ ಕೂತು, ‘ನಾನು ಬಸ್ ಆಗ್ತೀನಿ’ ಅನ್ನುತ್ತಿರುತ್ತದೆ. ಅದರ ಮಾತು ಯಾರ ಕಿವಿಗೂ ಬಿದ್ದಿರುವುದಿಲ್ಲ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಉಪನಗರ ಎಲ್ಲೇ ಇರಲಿ, ಪುಟ್ಟ ಮಕ್ಕಳಿರುವ ಮನೆಗೆ ಈ ವೇಷದ ಕಾಟ ವರ್ಷಕ್ಕೆ ಒಂದು ಸಲದ್ದಲ್ಲ. ಕೃಷ್ಣಾಷ್ಟಮಿ ದಿನ ರಾಜಾಜಿನಗರದ ಇಸ್ಕಾನ್ ಕಡೆ ಹೋಗಿ ನೋಡಿ, ಅಪ್ಪಂದಿರ ಹೆಗಲ ಮೇಲೆ ಎಷ್ಟು ಜನ ಬಾಲಕೃಷ್ಣರು ನಿದ್ದೆ ಹೋಗಿರುತ್ತಾರೆ! ಆಗಸ್ಟ್ 15ಕ್ಕೆ ಗಾಂಧಿ, ನೆಹರು. ಅಕ್ಟೋಬರ್ 31ಕ್ಕೆ ಈಚಿನ ವರ್ಷಗಳಲ್ಲಿ ಕೆಲವು ಪ್ಲೇ ಹೋಂ, ಅಪಾರ್ಟ್‌ಮೆಂಟ್‌ಗಳಲ್ಲಿ ಹ್ಯಾಲೋವೀನ್. ಮರುದಿನವೇ ರಾಜ್ಯೋತ್ಸವ. ನವೆಂಬರ್ 14ಕ್ಕೆ ಮಕ್ಕಳ ದಿನಾಚರಣೆ. 2024ರಲ್ಲಂತೂ ಹ್ಯಾಲೋವೀನ್ ದಿನವೇ ನರಕ ಚತುರ್ದಶಿ, ಮರುದಿನ ರಾಜ್ಯೋತ್ಸವ. ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ದೆವ್ವ, ಮರುದಿನ ಚೆನ್ನಮ್ಮ!

ಹ್ಯಾಲೋವೀನ್ ಎಂದರೆ ಹಿರಿಯರಿಗೆ ಮುನಿಸು. ‘ದೀಪ ಹಚ್ಚೋ ಹೊತ್ತಲ್ಲಿ ಮಗುಗೆ ದೆವ್ವದ ವೇಷನಾ?’ ಎಂದು ಅತ್ತೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ‘ನಾಳೆ ಬಾ’ ಎಂದು ಬಾಗಿಲ ಮೇಲೆ ಬರೆದು ದೆವ್ವವನ್ನು ವಾಪಸ್ ಕಳಿಸಿದ ಊರು ನಮ್ಮದು, ಅವರಿಗೆ ಅದೆಲ್ಲ ನೆನಪಿರುತ್ತದೆ. ಅಷ್ಟಕ್ಕೂ ಹಬ್ಬದಲ್ಲಿ ಮನೆ ಮನೆ ಬಾಗಿಲು ತಟ್ಟುವುದು ನಮಗೇನೂ ಹೊಸದಲ್ಲ. ದೀಪಾವಳಿಯಲ್ಲಿ ಮಲೆನಾಡಿನ ಕಡೆ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಮನೆಯಿಂದ ಮನೆಗೆ ಹೋಗುತ್ತಾರೆ. ಹಾಗಾಗಿ ವೇಷ ನಮ್ಮದೋ ಪರದೇಶದ್ದೋ ಎಂಬುದು ನನಗಂತೂ ದೊಡ್ಡ ಪ್ರಶ್ನೆಯಲ್ಲ. ಆ ವಯಸ್ಸಿನ ಮಗು ಅದನ್ನು ತಡೆದುಕೊಳ್ಳುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

ಬೆಕ್ಕು ನಾಯಿಯಾದ ಕಥೆ

1969ರಲ್ಲಿ ರೀಟಾ ಡಿವ್ರೀಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಒಂದು ಸ್ವಾರಸ್ಯದ ಪ್ರಯೋಗ ಪ್ರಕಟಿಸಿದರು. ಮೇನಾರ್ಡ್ ಅನ್ನೋ ಸಾಧು ಬೆಕ್ಕನ್ನು ಮಕ್ಕಳಿಗೆ ಮುಟ್ಟಿ ಸವರಲು ಬಿಟ್ಟು, ಆಮೇಲೆ ಅದರ ಮುಖಕ್ಕೆ ನಾಯಿಯ ಮುಖವಾಡ ತೊಡಿಸಿದರು. ಬಾಲ, ಬೆನ್ನು ಎಲ್ಲ ಮಕ್ಕಳ ಕಣ್ಣೆದುರೇ ಇತ್ತು. ಆದರೂ ಮೂರು ವರ್ಷದ ಮಕ್ಕಳಲ್ಲಿ ಬಹಳಷ್ಟು ಮಂದಿಗೆ ಅದು ನಿಜಕ್ಕೂ ನಾಯಿಯೇ ಆಗಿಬಿಟ್ಟಿತು. ಆರು ವರ್ಷದವರು ಮಾತ್ರ ‘ಬೆಕ್ಕೇ ಅದು, ಮುಖವಾಡ ಹಾಕಿದೀರಿ’ ಎಂದರು.

ಮೂರು ವರ್ಷದ ಮಗು ವೇದಿಕೆ ಹತ್ತಿದ ಕೂಡಲೇ ಕಿರುಚಿ ಅಳುವುದೇಕೆ ಎಂಬುದಕ್ಕೆ ಇದರಲ್ಲಿ ಸ್ವಲ್ಪ ಉತ್ತರವಿದೆ. ಪಕ್ಕದಲ್ಲಿ ನಿಂತ ನರಸಿಂಹ ಅದಕ್ಕೆ ಕ್ಲಾಸ್‌ಮೇಟ್ ಅಲ್ಲ, ನಿಜವಾದ ನರಸಿಂಹನೇ! ಕನ್ನಡಿಯಲ್ಲಿ ತನ್ನ ಮುಖವೇ ಬೇರೆ ಆಗಿರುವುದು ಕಂಡರೂ ಕೆಲವು ಮಕ್ಕಳು ಬೆಚ್ಚುತ್ತಾರೆ. ‘ಅಯ್ಯೋ, ಹೆದರುಪುಕ್ಕಲ’ ಎಂದು ಎಲ್ಲರೆದುರು ನಗಬೇಡಿ. ಐದು ವರ್ಷ ತುಂಬುವವರೆಗೆ ಮುಖ ಮುಚ್ಚುವ ವೇಷವೇ ಬೇಡ. ರಾಕ್ಷಸ, ಅಸ್ಥಿಪಂಜರ, ರಕ್ತ ಮೆತ್ತಿದ ಡ್ರಾಕುಲಾ ಇವೆಲ್ಲ ದೊಡ್ಡ ಮಕ್ಕಳಿಗಿರಲಿ. ಹ್ಯಾಲೋವೀನ್ ಪಾರ್ಟಿಗೆ ಹೋಗಲೇಬೇಕಾದರೆ ಕಿತ್ತಳೆ ಬಣ್ಣದ ಜುಬ್ಬಾ, ತಲೆಗೆ ಹಸಿರು ಟೋಪಿ ಹಾಕಿ. ಕುಂಬಳಕಾಯಿ ರೆಡಿ!

ಒಂದೂವರೆ ವರ್ಷದ ಕೃಷ್ಣನಿಗೆ ಏನು ಬೇಕು?

ತೀರಾ ಪುಟ್ಟ ಕೂಸಿಗೆ ವೇಷ ಹಾಕುವುದು ನಮ್ಮ ಕಣ್ಣಿಗೆ, ಫೋಟೋಗೆ. ಅದನ್ನು ಒಪ್ಪಿಕೊಂಡರೆ ಅರ್ಧ ಕೆಲಸ ಹಗುರ. ಹತ್ತಿ ಬಟ್ಟೆಯ ಹಳದಿ ಪಂಚೆಗೆ ಸೊಂಟದಲ್ಲಿ ಸಡಿಲ ಎಲಾಸ್ಟಿಕ್ ಹಾಕಿ ಹೊಲಿದಿಡಿ, ಒಳಗೆ ಡಯಾಪರ್ ಇರಲಿ. ಸೇಫ್ಟಿ ಪಿನ್ ಒಂದೂ ಬೇಡ. ಬಿಡಿ ಮುತ್ತಿನ ಸರ, ಅಂಟಿಸಿದ ಕಲ್ಲು ಕೂಡ ಬೇಡ. ಈ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಕಿರೀಟಕ್ಕೆ ಮದುವೆ ಕರೆಯೋಲೆಯ ರಟ್ಟು ಸಾಕು, ಮೇಲೆ ಹಳೇ ರೇಷ್ಮೆ ಬ್ಲೌಸ್ ಪೀಸ್, ಹಣೆಗೆ ತಾಗುವ ಕಡೆ ಮೆತ್ತನೆ ಬಟ್ಟೆಯ ಪಟ್ಟಿ. ನವಿಲುಗರಿಯ ದಂಟನ್ನು ಗಿಡ್ಡಗೆ ಕತ್ತರಿಸಿ, ತುದಿಗೆ ಟೇಪ್ ಸುತ್ತಿ, ಕಣ್ಣಿಗೆ ಚುಚ್ಚದ ಹಾಗೆ ಹಿಂದಕ್ಕೆ ವಾಲಿಸಿ ಸಿಗಿಸಿ. ಮೈಗೆ ನೀಲಿ ಬಣ್ಣ ಬಳಿಯುವವರನ್ನು ಕಂಡರೆ ನನಗೆ ಅರ್ಥವೇ ಆಗುವುದಿಲ್ಲ. ತಿಳಿನೀಲಿ ಬಣ್ಣದ ತುಂಬುತೋಳಿನ ಬನಿಯನ್ ಇರುವಾಗ ಅದೇಕೆ?

ಮೂರು-ನಾಲ್ಕು ವರ್ಷಕ್ಕೆ ಬಂದರೆ ಮಗುವಿಗೆ ಗೊತ್ತಿರುವ ವಸ್ತುವೇ ಒಳ್ಳೆಯ ವೇಷ. ಟೊಮೆಟೊ, ಹಸು, ಹಾಲಿನವರು, ಮಳೆ. ಮಾತೂ ಅಷ್ಟೇ, ಒಂದೋ ಎರಡೋ ವಾಕ್ಯ. ‘ನಾನು ಟೊಮೆಟೊ. ನನ್ನ ಸಾರಿಗೆ ಹಾಕ್ತಾರೆ’ ಎಂದು ಹೇಳಿ ಓಡಿ ಬಂದರೆ ಜನ ಚಪ್ಪಾಳೆ ಹೊಡೆಯುತ್ತಾರೆ. ನನ್ನ ಮೆಚ್ಚಿನದು ಬಸ್ ಕಂಡಕ್ಟರ್. ಖಾಕಿ ಶರ್ಟು, ಹೆಗಲಿಗೆ ಚಿಕ್ಕ ಬ್ಯಾಗು, ಕೈಯಲ್ಲಿ ಬಣ್ಣದ ಚೀಟಿ. ‘ಚಿಲ್ರೆ ಕೊಡಿ, ಒಳಗೆ ಹೋಗಿ’ ಅನ್ನುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ದಿನಾ ಕೇಳಿರುತ್ತವೆ. ರಟ್ಟಿನ ಪೆಟ್ಟಿಗೆಯಲ್ಲಿ ಬಸ್ಸನ್ನೇ ಮಾಡುವುದಾದರೆ ದಾರವನ್ನು ಕುತ್ತಿಗೆಗೆ ಮಾತ್ರ ನೇತುಹಾಕಬೇಡಿ. ಯಾರಾದರೂ ಹಿಂದಿನಿಂದ ಎಳೆದರೆ ಕುತ್ತಿಗೆಗೇ ಬಿಗಿಯುತ್ತದೆ. ಅಗಲದ ಬಟ್ಟೆ ಪಟ್ಟಿ ಎರಡೂ ಭುಜದ ಮೇಲೆ ಬರಲಿ, ವೆಲ್ಕ್ರೋ ಹಾಕಿದರೆ ಎಳೆದ ಕೂಡಲೇ ಬಿಟ್ಟುಕೊಳ್ಳುತ್ತದೆ.

ಓಬವ್ವ, ಚೆನ್ನಮ್ಮ, ರಾಯಣ್ಣ ಇವರಿಗೆಲ್ಲ ಐದಾರು ವರ್ಷ ಆಗಲಿ. ಕಥೆ ಅರ್ಥವಾಗುವ ವಯಸ್ಸು ಅದು. ಓಬವ್ವನಿಗೆ ಅಡುಗೆಮನೆಯ ಒನಕೆಯನ್ನೇ ಕೊಟ್ಟು ಕಳಿಸುವ ತಾಯಂದಿರಿದ್ದಾರೆ. ಪಕ್ಕದ ಮಗುವಿನ ತಲೆ ಏನಾಗಬೇಕು? ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿ ಬರುವ ರಟ್ಟಿನ ಕೊಳವೆ ಕೇಳಿ, ಸುಮ್ಮನೆ ಕೊಡುತ್ತಾರೆ. ಕಂದು ಬಣ್ಣ ಬಳಿದರೆ ಒನಕೆ. ಸೀರೆಯನ್ನು ಉಡಿಸಲು ಹೋಗಬೇಡಿ. ನಿಮ್ಮದೇ ಹಳೇ ಕಾಟನ್ ಸೀರೆ ಕತ್ತರಿಸಿ ಕಚ್ಚೆ ಹಾಕಿದ ಹಾಗೆ ಹೊಲಿಸಿ, ಪ್ಯಾಂಟಿನಂತೆ ಹಾಕಿ ತೆಗೆಯುವ ಹಾಗಿರಲಿ. ಮಗುವಿಗೆ ಒಂದಕ್ಕೆ ಬಂದಾಗ ನನ್ನನ್ನು ನೆನೆಸಿಕೊಳ್ಳುತ್ತೀರಿ!

ಏಳೆಂಟು ವರ್ಷದವರಾದರೆ ನಮ್ಮ ಕಾಲದ ದೊಡ್ಡವರನ್ನು ಪರಿಚಯಿಸಿ. ಕಿತ್ತಳೆ ಹಣ್ಣು ಮಾರಿದ ದುಡ್ಡಿನಲ್ಲಿ ಊರಿಗೆ ಶಾಲೆ ತಂದ ಹರೇಕಳ ಹಾಜಬ್ಬ ಇದ್ದಾರಲ್ಲ, ಬಿಳಿ ಶರ್ಟು, ಪಂಚೆ, ಒಂದು ಬುಟ್ಟಿ ಕಿತ್ತಳೆ ಸಾಕು. ಸಾಲುಮರದ ತಿಮ್ಮಕ್ಕನ ಊರು ಹುಲಿಕಲ್ ಬಸವೇಶ್ವರನಗರದವರಿಗೆ ದೂರವೇ? ಮಾಗಡಿ ತಾಲ್ಲೂಕು. ಕುದೂರು-ಹುಲಿಕಲ್ ರಸ್ತೆಯ ಆಲದ ಮರಗಳನ್ನು ಒಂದು ಭಾನುವಾರ ತೋರಿಸಿಕೊಂಡು ಬನ್ನಿ. 2019ರಲ್ಲಿ ಪದ್ಮಶ್ರೀ ಪಡೆದ ಆ ಅಜ್ಜಿ ತೀರಿಕೊಂಡಿದ್ದು 2025ರ ನವೆಂಬರ್ 14ರಂದು, ಮಕ್ಕಳ ದಿನವೇ. ಒಂದು ನೂಲಿನ ಸೀರೆ, ಪ್ಲಾಸ್ಟಿಕ್ ಕೊಡ, ಒಂದು ಸಸಿ. ಬಾಡಿಗೆ ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ.

ದೀಪ, ಹಗ್ಗ, ಬಣ್ಣ

ಬಾಡಿಗೆ ಡ್ರೆಸ್ಸುಗಳಲ್ಲಿ ಬಹಳಷ್ಟು ಪಾಲಿಯೆಸ್ಟರ್, ನೈಲಾನ್, ನೆಟ್. ಇವು ಬೆಂಕಿಗೆ ಕರಗಿ ಮೈಗೆ ಅಂಟಿಕೊಳ್ಳುತ್ತವೆ. 2014ರ ಹ್ಯಾಲೋವೀನ್ ದಿನ ಬ್ರಿಟನ್ನಿನ ಟೀವಿ ನಿರೂಪಕಿ ಕ್ಲಾಡಿಯಾ ವಿಂಕಲ್‌ಮನ್ ಅವರ ಎಂಟು ವರ್ಷದ ಮಗಳ ವೇಷಕ್ಕೆ ಮೇಣದ ಬತ್ತಿಯ ಕಿಡಿ ತಾಗಿ ಕಾಲು ಸುಟ್ಟಿತು. ಅಂಗಡಿಯಲ್ಲಿ ಮಕ್ಕಳಿಗೆಂದೇ ಮಾರುವ ಡ್ರೆಸ್ ಅದು. ಅಮ್ಮ ಪಕ್ಕದಲ್ಲೇ ಇದ್ದರು. ಆಮೇಲೆ ಆಕೆ ಟೀವಿಯಲ್ಲಿ ಮಾತಾಡಿದ ಮೇಲೆ ಅಲ್ಲಿ ಇಂಥ ಬಟ್ಟೆಗಳ ಬಗ್ಗೆ ಬಿಗಿ ಬಂತು. ನಮ್ಮಲ್ಲಿ ಈ ವೇಷಗಳ ಕಾಲ ಬರುವುದೇ ದೀಪಾವಳಿಯ ಆಸುಪಾಸು. ಅಂಗಳದ ತುಂಬ ಹಣತೆ, ಬೀದಿಯಲ್ಲಿ ಸುರ್‌ಸುರ್ ಬತ್ತಿ. ವೇದಿಕೆ ಮೇಲೆ ದೀಪ ಬೆಳಗುವ ಕಂಬ ಬೇರೆ. ಒಳಗೆ ಹತ್ತಿಯ ಬನಿಯನ್, ಚಡ್ಡಿ ಇದ್ದೇ ಇರಲಿ. ನೆಲ ಗುಡಿಸುವ ಲಂಗ, ಹಿಂದೆ ಹಾರುವ ರೆಕ್ಕೆ ಬೇಡ. ವೇಷದಲ್ಲಿರುವ ಮಗುವಿನ ಕೈಗೆ ಪಟಾಕಿಯಂತೂ ಬೇಡವೇ ಬೇಡ.

ಇನ್ನೊಂದು ಮಾತು, ಬರೆಯಲು ಕೈ ನಡುಗುತ್ತದೆ, ಆದರೂ ಹೇಳಬೇಕು. ವೇಷದ ಜೊತೆ ಪಾತ್ರವೂ ಮಗುವಿನ ಮನಸ್ಸಿಗೆ ಇಳಿಯುತ್ತದೆ. 2022ರ ಅಕ್ಟೋಬರ್ ಕೊನೆಯಲ್ಲಿ ಚಿತ್ರದುರ್ಗದಲ್ಲಿ 12 ವರ್ಷದ ಹುಡುಗನೊಬ್ಬ ಶಾಲೆಯ ಕಾರ್ಯಕ್ರಮಕ್ಕಾಗಿ ಭಗತ್ ಸಿಂಗ್ ಪಾತ್ರ ಅಭ್ಯಾಸ ಮಾಡುತ್ತಿದ್ದ. ದೊಡ್ಡವರು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ನೇಣಿನ ದೃಶ್ಯವನ್ನು ಒಬ್ಬನೇ ಆಡಲು ಹೋಗಿ ಜೀವವನ್ನೇ ಕಳೆದುಕೊಂಡ. 12 ವರ್ಷದವನಿಗೇ ಹೀಗಾದರೆ ಆರು ವರ್ಷದವರ ಗತಿ? ಭಗತ್ ಸಿಂಗ್ ಆಗಲಿ, ಸಂಗೊಳ್ಳಿ ರಾಯಣ್ಣ ಆಗಲಿ, ಟೋಪಿಯಿರಲಿ, ಪೇಟವಿರಲಿ, ಘೋಷಣೆಯಿರಲಿ. ಹಗ್ಗ ಮಾತ್ರ ವೇದಿಕೆಗೂ ಬೇಡ, ಅಭ್ಯಾಸಕ್ಕೂ ಬೇಡ. ಟೀಚರ್ ಆ ದೃಶ್ಯ ಬೇಕು ಎಂದರೆ ‘ಆಗಲ್ಲ ಮೇಡಂ’ ಎಂದು ನೇರ ಹೇಳಿ. ತುಳಸಿಕಟ್ಟೆಗೆ ಹಾರ ಹಾಕುವ ರಾಯಣ್ಣ, ಪುಸ್ತಕ ಓದುವ ಭಗತ್ ಸಿಂಗ್ ಆದರೆ ಆಗದೇ?

ಮುಖದ ಬಣ್ಣಕ್ಕೂ ಒಂದು ಮಿತಿ ಬೇಕು. ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸದ ಅಂಶ ಇರುತ್ತದೆ. ಅಮೆರಿಕದ ಎಫ್‌ಡಿಎ ಇದೇ ಕಾರಣಕ್ಕೆ ಸುರ್ಮಾ ವಿರುದ್ಧ ಎಚ್ಚರಿಸುತ್ತಲೇ ಬಂದಿದೆ. ಮಗು ಕಣ್ಣುಜ್ಜಿಕೊಂಡು ಅದೇ ಕೈ ಬಾಯಿಗಿಡುತ್ತದೆ. ಮೀಸೆ ಬೇಕಾದರೆ ನೀವು ಬಳಸುವ ಒಳ್ಳೆ ಐಬ್ರೋ ಪೆನ್ಸಿಲ್‌ನಲ್ಲಿ ಒಂದು ಗೆರೆ ಸಾಕು, ಅಂಟು ಹಚ್ಚಿ ಕೂದಲಿನ ಮೀಸೆ ಅಂಟಿಸಬೇಡಿ. ಯಾವ ಬಣ್ಣವಾದರೂ ಹಿಂದಿನ ದಿನವೇ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಿ. ಕೆಂಪಾದರೆ, ತುರಿಸಿದರೆ ಬೇಡ. ಬಾಡಿಗೆ ವಿಗ್ ತಂದರೆ ಹೇನೂ ಫ್ರೀ! ಒಳಗೆ ತೆಳು ಬಟ್ಟೆ ಕಟ್ಟಿ ಹಾಕಿ.

ಪ್ರೈಜ್ ಬಂದ ವೇಷ

‘ಅಮ್ಮಾ, ನನ್ನ ಕೊಲ್ಲಬೇಡ’ ಎಂದು ನಾಲ್ಕು ವರ್ಷದ ಮಗುವಿನ ಬಾಯಲ್ಲಿ ಹೆಣ್ಣುಭ್ರೂಣ ಹತ್ಯೆಯ ಭಾಷಣ ಹೇಳಿಸಿ ಫಸ್ಟ್ ಪ್ರೈಜ್ ತೆಗೆದುಕೊಳ್ಳುವುದು ಎಷ್ಟೋ ಕಡೆ ನಡೆಯುತ್ತದೆ. ತೀರ್ಪುಗಾರರ ಕಣ್ಣಲ್ಲಿ ನೀರು. ಆದರೆ ಆ ಮಗು ರಾತ್ರಿ ಏನು ಕೇಳೀತು ಯೋಚಿಸಿ. ಐಟಂ ಹಾಡಿನ ಡ್ರೆಸ್ಸು, ಕೆಂಪು ಲಿಪ್‌ಸ್ಟಿಕ್ಕು ಹಾಕಿ ಸೊಂಟ ಕುಣಿಸುವುದನ್ನು ‘ಕ್ಯೂಟ್’ ಅನ್ನುವುದೂ ನನಗೆ ಒಗ್ಗದು. ಮುಖಕ್ಕೆ ಮಸಿ ಬಳಿದು ‘ಕಾಡುಜನ’, ಹರಕು ಬಟ್ಟೆ ಹಾಕಿ ‘ಭಿಕ್ಷುಕ’ ಮಾಡುವುದನ್ನೂ ಇನ್ನು ಬಿಡೋಣ. ಅದೇ ಕ್ಲಾಸಿನಲ್ಲಿ ಕಪ್ಪು ಮೈಬಣ್ಣದ, ಕಷ್ಟದ ಮನೆಯ ಮಕ್ಕಳೂ ಕೂತು ನೋಡುತ್ತಿರುತ್ತಾರಲ್ಲ.

ಮಗು ಆರಿಸಿದ ವೇಷಕ್ಕೆ ಒಂದು ಬಲವಿದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 4 ಮತ್ತು 6 ವರ್ಷದ ಮಕ್ಕಳಿಗೆ ಬೋರು ಹೊಡೆಸುವ ಕೆಲಸ ಕೊಟ್ಟು, ಸಾಕಾದರೆ ಆಡಿಕೊಳ್ಳಲು ಪಕ್ಕದಲ್ಲಿ ಐಪ್ಯಾಡ್ ಇಟ್ಟಿದ್ದರು. ಬ್ಯಾಟ್‌ಮನ್, ಡೋರಾ, ರಪುಂಜೆಲ್, ಬಾಬ್ ದಿ ಬಿಲ್ಡರ್‌ಗಳಲ್ಲಿ ತಮಗೆ ಇಷ್ಟವಾದವರ ವೇಷದ ವಸ್ತು ತೊಟ್ಟು, ತಾನೇ ಆ ಪಾತ್ರ ಎಂದುಕೊಂಡ ಮಕ್ಕಳು ಉಳಿದವರಿಗಿಂತ ಹೆಚ್ಚು ಹೊತ್ತು ಕೆಲಸಕ್ಕೆ ಅಂಟಿಕೊಂಡರು. ಹಾಗಾಗಿ ನೀವು ಮೂರು ವೇಷ ಯೋಚಿಸಿ, ಮಗು ಅದರಲ್ಲಿ ಒಂದನ್ನು ಆರಿಸಲಿ. ಅಜ್ಜಿಯ ಕೃಷ್ಣ ಮುಂದಿನ ಅಷ್ಟಮಿಗೆ ಇದ್ದೇ ಇದ್ದಾನೆ.

ಆರಿಸಿದ್ದಾಯಿತು, ಹಿಂದಿನ ದಿನ ಸಂಜೆ ಒಂದು ಸಲ ಪೂರ್ತಿ ಹಾಕಿಸಿ. ಮೆಟ್ಟಿಲು ಹತ್ತಿಸಿ, ಕೂರಿಸಿ, ಬಾತ್‌ರೂಮಿಗೆ ಕಳಿಸಿ ನೋಡಿ. ಕೆಂಗೇರಿಯಿಂದ ವ್ಯಾನಿನಲ್ಲಿ ಹೋಗುವ ಮಗುವಿಗೆ ಮನೆಯಲ್ಲೇ ಕಿರೀಟ ಇಡಬೇಡಿ, ಚೀಲದಲ್ಲಿ ಕಳಿಸಿ, ಟೀಚರ್‌ಗೆ ಹೇಳಿ. ಸ್ಕೂಟರಿನಲ್ಲಿ ಕರೆದೊಯ್ಯುವಾಗ ಸೆರಗು, ಶಾಲು ಚಕ್ರಕ್ಕೆ ಸಿಕ್ಕದಂತೆ ಮೊದಲೇ ಸುತ್ತಿಡಿ. ಹೊಟ್ಟೆಗೆ ಇಡ್ಲಿಯೋ ಉಪ್ಪಿಟ್ಟೋ ತಿನ್ನಿಸಿ, ಬಣ್ಣ ಆಮೇಲೆ. ವೇದಿಕೆ ಹತ್ತಲ್ಲ ಎಂದು ಅತ್ತರೆ ಎತ್ತಿಕೊಂಡು ಬಂದುಬಿಡಿ, ಮುಂದಿನ ವರ್ಷ ಹತ್ತುತ್ತದೆ. ಮನೆಗೆ ಬಂದ ಕೂಡಲೇ ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿ, ಆಮೇಲೆ ಬಿಸಿನೀರಿನ ಸ್ನಾನ. ಬಾಡಿಗೆ ಡ್ರೆಸ್ಸನ್ನು ಮರುದಿನವೇ ಕೊಟ್ಟು ಡೆಪಾಸಿಟ್ ವಾಪಸ್ ತನ್ನಿ. ಬಟನ್ ಒಂದು ಬಿದ್ದಿದ್ದರೆ ಕೊಡುವ ಮುಂಚೆ ನೀವೇ ಹೊಲಿದುಬಿಡಿ, ಅದಕ್ಕೂ ದುಡ್ಡು ಹಿಡಿಯುತ್ತಾರೆ!