ಹತ್ತು ನಿಮಿಷದ ಸುತ್ತು ಸಾಕೆ?

ಹಾವೇರಿಯ ದನದ ಸಂತೆಗೆ ಎತ್ತು ಕೊಳ್ಳಲು ಹೋದ ರೈತ ಸುಲಭಕ್ಕೆ ದುಡ್ಡು ಬಿಚ್ಚುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ಊರುವ ಬಗೆಯನ್ನು ಗಮನಿಸುತ್ತಾನೆ. ಸಾಧ್ಯವಾದರೆ ನೊಗಕ್ಕೆ ಹೂಡಿಯೂ ನೋಡುತ್ತಾನೆ. ಅಳೆದು ಸುರಿದು ಆದ ಮೇಲೆಯೇ ದಲ್ಲಾಳಿಯ ಜೊತೆ ಬೆಲೆಯ ಮಾತು. ಆದರೆ ಅದೇ ಮನೆಯವರು ಏಳೆಂಟು ಲಕ್ಷ ರೂಪಾಯಿಯ ಕಾರು ಕೊಳ್ಳಲು ಹೊರಟಾಗ, ಷೋರೂಂ ಸುತ್ತಲಿನ ನುಣುಪು ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ ಮುಂಗಡ ಕೊಟ್ಟು ಬರುವುದುಂಟು. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದಂತಹ ಈ ಪರೀಕ್ಷೆಯಿಂದ ಕಾರಿನ ಬಣ್ಣ, ಸೀಟಿನ ಮೆತ್ತಗೆ ಮತ್ತು ಹೊಸತನದ ವಾಸನೆಯ ಹೊರತು ಹೆಚ್ಚೇನೂ ತಿಳಿಯುವುದಿಲ್ಲ.

ಈ ಅಭ್ಯಾಸ ಬೆಳೆದುದಕ್ಕೆ ಕಾರಣವಿಲ್ಲದಿಲ್ಲ. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಯ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗಲೂ ಸರದಿ ಮುಗಿಯಲಿಲ್ಲ. ಸಿಕ್ಕಿದ್ದೇ ಭಾಗ್ಯವಾಗಿದ್ದಾಗ ಪರೀಕ್ಷೆಯ ಮಾತೆಲ್ಲಿ? 1998ರಲ್ಲಿ ಸ್ಯಾಂಟ್ರೊ, ಮ್ಯಾಟಿಜ್, ಇಂಡಿಕಾ ಒಂದರ ಹಿಂದೊಂದು ಬಂದ ಮೇಲೆ ಆಯ್ಕೆ ಗ್ರಾಹಕನ ಕೈಗೆ ಬಂತು. ಕಾರುಗಳು ಹೆಚ್ಚಿದವು, ಆದರೆ ಅವನ್ನು ಪರೀಕ್ಷಿಸುವ ರೂಢಿ ಅದೇ ವೇಗದಲ್ಲಿ ಬೆಳೆಯಲಿಲ್ಲ.

ಸಾಲ ಮತ್ತು ಶಾಲೆಯ ಫೀ

ಕಾರು ಒಂದು ದಿನದ ಖರ್ಚಲ್ಲ. ಆರು ಲಕ್ಷ ರೂಪಾಯಿ ಸಾಲವನ್ನು ಶೇ. 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು ಸುಮಾರು 12,455 ರೂಪಾಯಿ. 60 ಕಂತುಗಳಲ್ಲಿ ಕಟ್ಟುವ ಒಟ್ಟು ಹಣ ಹತ್ತಿರ ಹತ್ತಿರ 7,47,000; ಅಂದರೆ ಬಡ್ಡಿಯೇ ಒಂದೂವರೆ ಲಕ್ಷದಷ್ಟು. ಗೋವಿನಜೋಳ, ಹತ್ತಿ ಬೆಳೆಯುವ ಮನೆಗೆ ಹಣ ಬರುವುದು ಸುಗ್ಗಿಯಲ್ಲಿ, ಕಂತು ಬರುವುದು ಪ್ರತಿ ತಿಂಗಳು, ಕಾಲೇಜಿನ ಫೀ ಬರುವುದು ಮಳೆಗಾಲದ ಆರಂಭದಲ್ಲಿ. ಮನೆಗೆ ಒಗ್ಗದ ಕಾರನ್ನು ವರ್ಷದೊಳಗೆ ಮಾರಲು ಹೋದರೆ ಕೈಬಿಡುವ ಹಣ ಮಕ್ಕಳ ಓದಿನ ಗಂಟಿನಿಂದಲೇ ಹೋಗಬೇಕಾಗುತ್ತದೆ. ಆದ್ದರಿಂದ ಕೊಳ್ಳುವ ಮುಂಚಿನ ಅರ್ಧ ದಿನದ ಓಡಾಟ ದುಬಾರಿಯೇನಲ್ಲ.

ಕೇಳುವುದು ಹೇಗೆ?

ಶಿಗ್ಗಾಂವದವರು ಹೊಸ ಕಾರಿಗೆ ಸಾಮಾನ್ಯವಾಗಿ ಹುಬ್ಬಳ್ಳಿಗೋ ಹಾವೇರಿಗೋ ಹೋಗುತ್ತಾರೆ. ಅಲ್ಲಿ ತೋರಿಸುವುದು ಷೋರೂಂನವರ ರಸ್ತೆ. ಕಾರು ನಾಳೆ ಓಡಬೇಕಾದದ್ದು ಮನೆಯವರ ರಸ್ತೆಯಲ್ಲಿ. ಅನೇಕ ಷೋರೂಂಗಳು ಪರೀಕ್ಷೆಯ ಕಾರನ್ನು ಮನೆಯ ಬಾಗಿಲಿಗೇ ಕಳಿಸುತ್ತವೆ. ಮೊದಲೇ ಫೋನು ಮಾಡಿ, ತಾವು ಕೊಳ್ಳಬೇಕೆಂದಿರುವ ಎಂಜಿನ್ ಮತ್ತು ಗೇರಿನ ಕಾರನ್ನೇ ತರಬೇಕೆಂದು ಹೇಳಬೇಕು. ಪೆಟ್ರೋಲ್ ಕಾರು ಬೇಕಾದವರಿಗೆ ಡೀಸೆಲ್ ಕಾರು ಓಡಿಸಿ ತೋರಿಸಿದರೆ ಪ್ರಯೋಜನವಿಲ್ಲ. ಗಿರಾಕಿಗಳ ಗದ್ದಲ ಕಡಿಮೆ ಇರುವ ವಾರದ ನಡುವಿನ ದಿನ ಎರಡು ಮೂರು ತಾಸು ಕೇಳುವುದು ಜಾಣತನ. ಷೋರೂಂನ ಪ್ರತಿನಿಧಿ ಜೊತೆಗಿದ್ದರೆ ಅವರಿಗೂ ನಿಶ್ಚಿಂತೆ.

ಇದು ಉಪಕಾರ ಬೇಡಿದಂತೆ ಎಂದು ಸಂಕೋಚಪಡಬೇಕಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ರೂಪಿಸಿದಾಗಲೇ, ಮಾರಾಟಗಾರರು ನೋಂದಣಿಯಾಗದ ವಾಹನವನ್ನು ವ್ಯಾಪಾರ ಪ್ರಮಾಣಪತ್ರದ ಮೇಲೆ ರಸ್ತೆಗಿಳಿಸಬಹುದಾದ ಕಾರಣಗಳಲ್ಲಿ, ಕೊಳ್ಳಬಯಸುವವರಿಗಾಗಿ ನಡೆಸುವ ಸಮಂಜಸವಾದ ಪ್ರಯೋಗವನ್ನೂ ಸೇರಿಸಲಾಗಿತ್ತು. ಸಮಂಜಸವೆಂದರೆ ಎಷ್ಟು ಹೊತ್ತು ಎಂಬುದು ಇಬ್ಬರೂ ಕೂಡಿ ತೀರ್ಮಾನಿಸಬೇಕಾದ ಮಾತು.

ಹೊರಡುವ ಮುಂಚೆ ನಾಲ್ಕು ವಿಷಯಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಎಷ್ಟು ತಾಸು, ಎಷ್ಟು ಕಿಲೋಮೀಟರ್, ಪೆಟ್ರೋಲು ಯಾರದು, ಕಾರಿಗೆ ಪೆಟ್ಟಾದರೆ ವಿಮೆ ಭರಿಸದ ಹಣ ಯಾರ ತಲೆಗೆ. ವಾಹನದ ದಾಖಲೆ ಮತ್ತು ವಿಮೆಯ ಪತ್ರ ಕಾರಿನಲ್ಲಿವೆಯೇ ಎಂದು ನೋಡಬೇಕು. ಮೊದಲೇ ಇರುವ ಗೀರುಗಳನ್ನು ಇಬ್ಬರೂ ಕೂಡಿ ಗುರುತಿಸಿಕೊಂಡರೆ ಆಮೇಲೆ ತಕರಾರಿಲ್ಲ. ಪರೀಕ್ಷೆ ಮುಗಿಯುವವರೆಗೆ ಮುಂಗಡ ಕೊಡದಿರುವುದೇ ಒಳ್ಳೆಯದು.

ಯಾವ ದಾರಿ, ಯಾರ ಜೊತೆ?

ಶಿಗ್ಗಾಂವದ ನೆಲ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ಪುಣೆ-ಬೆಂಗಳೂರು ಹೆದ್ದಾರಿ ಪಕ್ಕದಲ್ಲೇ ಇದೆ. ಹೆದ್ದಾರಿ ಹಿಡಿದು ಬಂಕಾಪುರದ ಕಡೆ ಹೋದರೆ ಲಾರಿಗಳನ್ನು ಹಿಂದೆ ಹಾಕುವಾಗ ಎಂಜಿನ್ನಿನ ಶಕ್ತಿ ತಿಳಿಯುತ್ತದೆ. ಅಲ್ಲಿಂದ ಕನಕದಾಸರ ಹುಟ್ಟೂರು ಬಾಡದ ಕಡೆ ತಿರುಗಿದರೆ ಹಳ್ಳಿಯ ರಸ್ತೆ, ಉಬ್ಬು, ಎದುರಿಗೆ ಬರುವ ಟ್ರ್ಯಾಕ್ಟರ್ ಎಲ್ಲವೂ ಸಿಗುತ್ತವೆ. ಎರೆಮಣ್ಣಿನ ಹೊಲದ ದಾರಿಯಲ್ಲಿ ದಿನಾ ಓಡಾಡುವವರು ಆ ದಾರಿಯಲ್ಲೂ ಒಮ್ಮೆ ನೋಡಬೇಕು. ಪೇಟೆಯ ಸಂತೆಯ ದಿನದ ಇಕ್ಕಟ್ಟು, ಮನೆಯ ಮುಂದಿನ ಓಣಿಯ ತಿರುವು, ಕಾರು ನಿಲ್ಲಿಸುವ ಜಾಗ ಇವೂ ಪರೀಕ್ಷೆಯ ಭಾಗವೇ.

ಒಬ್ಬರೇ ಓಡಿಸಿದರೆ ಸಾಲದು. ಸಣ್ಣ ಕಾರಿನ ತೂಕ 800ರಿಂದ 900 ಕೆ.ಜಿ. ಆಸುಪಾಸು. ಐದು ಜನ ಕೂತರೆ ಮತ್ತೆ 300 ಕೆ.ಜಿ. ಸೇರಿತು. ಖಾಲಿ ಕಾರು ಚಿಗರೆಯಂತೆ ಓಡಿದರೂ ತುಂಬಿದ ಕಾರು ಏರಿನಲ್ಲಿ ಏದುಸಿರು ಬಿಡಬಹುದು, ಉಬ್ಬಿಗೆ ಹೊಟ್ಟೆ ತಾಗಿಸಬಹುದು. ಆದ್ದರಿಂದ ಮನೆಮಂದಿಯನ್ನೆಲ್ಲ ಕೂರಿಸಿಕೊಂಡೇ ಹೋಗಬೇಕು. ಮಂಡಿನೋವಿನ ಅಜ್ಜಿಗೆ ಹತ್ತಿ ಇಳಿಯಲು ಬರುತ್ತದೆಯೇ, ಹಿಂದಿನ ಸೀಟಿನಲ್ಲಿ ಕೂತ ಮಗಳಿಗೆ ವಾಂತಿ ಬಂದಂತಾಗುತ್ತದೆಯೇ, ಹಾಸ್ಟೆಲ್‌ಗೆ ಒಯ್ಯುವ ಟ್ರಂಕು ಡಿಕ್ಕಿಯಲ್ಲಿ ಹಿಡಿಯುತ್ತದೆಯೇ ಎಂಬುದಕ್ಕೆ ಯಾವ ಜಾಹೀರಾತಿನಲ್ಲಿಯೂ ಉತ್ತರವಿಲ್ಲ. ಕತ್ತಲಾದ ಮೇಲೆ ಸ್ವಲ್ಪ ಹೊತ್ತು ಓಡಿಸಿದರೆ ದೀಪದ ಬೆಳಕಿನ ಗುಣವೂ ಗೊತ್ತಾಗುತ್ತದೆ.

ವಿದ್ಯಾರ್ಥಿಗಳ ಪಾಲಿನ ಕೆಲಸ

ಇಲ್ಲಿ ಶಾಲೆಯ ಪಾಠಗಳು ಕೆಲಸಕ್ಕೆ ಬರುತ್ತವೆ. ಟ್ಯಾಂಕನ್ನು ತುಂಬಿಸಿ ಹೊರಟು, ಮರಳಿ ಬಂದು ಅದೇ ಬಂಕಿನಲ್ಲಿ ಮತ್ತೆ ತುಂಬಿಸಿದಾಗ ಹಿಡಿದ ಪೆಟ್ರೋಲಿನಿಂದ ಓಡಿದ ದೂರವನ್ನು ಭಾಗಿಸಿದರೆ ನಿಜವಾದ ಮೈಲೇಜು ಸಿಗುತ್ತದೆ. ಉದಾಹರಣೆಗೆ 96 ಕಿ.ಮೀ.ಗೆ 6 ಲೀಟರ್ ಹಿಡಿದರೆ ಲೀಟರಿಗೆ 16 ಕಿ.ಮೀ. ಹತ್ತು ನಿಮಿಷದ ಸುತ್ತಿನಲ್ಲಿ ಈ ಲೆಕ್ಕ ಸಾಧ್ಯವೇ ಇಲ್ಲ; ಹುಬ್ಬಳ್ಳಿಗೆ ಹೋಗಿ ಬಂದರೆ ಸಾಧ್ಯ. ಬ್ರೇಕಿನ ಪರೀಕ್ಷೆಗೂ ಭೌತಶಾಸ್ತ್ರವಿದೆ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಬ್ರೇಕು ಒತ್ತಿದ ಮೇಲೆ ಕಾರು ನಿಲ್ಲಲು ಬೇಕಾಗುವ ದೂರವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಬೆಳೆಯುತ್ತದೆ. ಎರಡು ಮೂರು ಕಾರುಗಳನ್ನು ನೋಡುವಾಗ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲಕ್ಕೂ ಒಂದೇ ಪ್ರಶ್ನೆಗಳನ್ನು ಬರೆದು ಅಂಕ ಕೊಟ್ಟರೆ ಮನೆಯಲ್ಲಿ ವಾದವೂ ಕಡಿಮೆ.

ಸ್ಟಿಯರಿಂಗ್ ಹಿಡಿಯುವ ಆಸೆ ಮಾತ್ರ ಹದಿನೆಂಟು ದಾಟಿ, ಪೂರ್ಣ ಲೈಸೆನ್ಸ್ ಬರುವವರೆಗೆ ತಡೆದಿರಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಎಸಗಿದರೆ ಪಾಲಕರಿಗೆ ಇಲ್ಲವೆ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡವಿದೆ. ಓಡಿಸಿದ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಒಲ್ಲೆ ಎಂದರೆ?

ದೀರ್ಘ ಪರೀಕ್ಷೆಗೆ ಷೋರೂಂ ಒಪ್ಪದಿದ್ದರೆ ಬೇರೆ ದಾರಿಗಳಿವೆ. ಅದೇ ಕಂಪನಿಯ ಇನ್ನೊಂದು ಷೋರೂಂನಲ್ಲಿ ಕೇಳಬಹುದು. ದೊಡ್ಡ ಊರುಗಳಲ್ಲಿ ಸ್ವತಃ ಓಡಿಸುವ ಬಾಡಿಗೆ ಕಾರುಗಳು ಸಿಗುತ್ತವೆ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇವುಗಳ ಗುರುತು. ಬೇಕೆನಿಸಿದ ಮಾದರಿಯನ್ನೇ ಎರಡು ದಿನ ಬಾಡಿಗೆಗೆ ಪಡೆದರೆ ಕೆಲವು ಸಾವಿರ ಖರ್ಚಾದೀತು, ಲಕ್ಷಗಳ ತಪ್ಪು ಉಳಿದೀತು. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಪಡೆಯುವುದು ಮಾತ್ರ ಬೇಡ. ಅಪಘಾತವಾದರೆ ವಿಮೆಗೆ ತೊಡಕಾಗುತ್ತದೆ. ಅಂಥದೇ ಕಾರು ಟ್ಯಾಕ್ಸಿಯಾಗಿದ್ದರೆ ಧರ್ಮಸ್ಥಳಕ್ಕೋ ಶಿರಸಿಗೋ ಹೋಗುವಾಗ ಅದನ್ನೇ ಗೊತ್ತುಮಾಡಿ, ದಾರಿಯಲ್ಲಿ ಚಾಲಕನನ್ನು ಮಾತಿಗೆಳೆಯಬಹುದು.

ವಿದ್ಯುತ್ ಕಾರು ಕೊಳ್ಳುವವರಿಗಂತೂ ಒಂದು ರಾತ್ರಿಯ ಪರೀಕ್ಷೆ ಬೇಕೇಬೇಕು. 30 ಯೂನಿಟ್ ಹಿಡಿಯುವ ಬ್ಯಾಟರಿಗೆ ಮನೆಯ ಪ್ಲಗ್ಗಿನಿಂದ ತಾಸಿಗೆ 3 ಯೂನಿಟ್ ಹರಿದರೆ ಹತ್ತು ತಾಸು ಬೇಕು. ನಡುವೆ ಕರೆಂಟು ಹೋದರೆ ಬೆಳಿಗ್ಗೆ ಕಾಲೇಜಿಗೆ ಹೊರಡುವ ಹೊತ್ತಿಗೆ ಎಷ್ಟು ತುಂಬಿರುತ್ತದೆ ಎಂಬುದನ್ನು ಸ್ವಂತ ಮನೆಯಲ್ಲೇ ಕಾಣಬೇಕು.

ಎಷ್ಟೇ ದೂರ ಓಡಿಸಿದರೂ ತಿಳಿಯದ ಸಂಗತಿಗಳೂ ಇವೆ. ಡಿಕ್ಕಿ ಹೊಡೆದಾಗ ಕಾರು ಒಳಗಿದ್ದವರನ್ನು ಹೇಗೆ ಕಾಯುತ್ತದೆ ಎಂಬುದಕ್ಕೆ 2023ರ ಅಕ್ಟೋಬರ್ 1ರಂದು ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ನಕ್ಷತ್ರಗಳನ್ನು ನೋಡಬೇಕು. ಐದು ವರ್ಷದ ಬಾಳಿಕೆಯನ್ನು ಹಳೆಯ ಮಾಲೀಕರಿಂದ ಮತ್ತು ಊರಿನ ಮೆಕ್ಯಾನಿಕ್‌ನಿಂದ ಕೇಳಿ ತಿಳಿಯಬೇಕು. ಇವೆಲ್ಲ ಆದ ಮೇಲೂ ‘ಈ ಕಾರು ನಮಗಲ್ಲ’ ಎಂದು ಮನೆಯವರಿಗೆ ಅನ್ನಿಸಿದರೆ, ಕೀಲಿಕೈ ಮರಳಿಸಿ ಬರಲು ನಾಚಿಕೆ ಬೇಡ. ಮುಂಗಡ ಕೊಡುವ ಮುಂಚೆ ಹೇಳಿದ ‘ಬೇಡ’ ಎಂಬ ಮಾತಿಗೆ ಬಡ್ಡಿ ಇಲ್ಲ, ಕಂತೂ ಇಲ್ಲ.