ಅಕ್ಷತೆಯ ಕಾಳೂ ಕ್ಷಣಪ್ರಭೆಯೂ

ಆವತಿಯ ಬೆಟ್ಟದ ಮೇಲಿನ ತಿಮ್ಮರಾಯಸ್ವಾಮಿಯ ಸನ್ನಿಧಿಯಲ್ಲಿಯೂ ಸುತ್ತಣ ಊರುಗಳ ಚಪ್ಪರಗಳಲ್ಲಿಯೂ ನಡೆಯುವ ಮದುವೆಗಳ ಚಿತ್ರ ತೆಗೆಯುವುದನ್ನೇ ವೃತ್ತಿಯಾಗಿ ಕೈಕೊಳ್ಳಬೇಕೆಂದಿರುವ ಅಲ್ಲಿಯ ತರುಣ ಓದುಗರೊಬ್ಬರು, ಕ್ಯಾಮೆರಾದ ನೆತ್ತಿಯ ಮೇಲೆ ಕೂರುವ ಚಿಕ್ಕ ಫ್ಲ್ಯಾಶ್ ಸಾಕೋ, ಸ್ಟ್ಯಾಂಡಿನ ಮೇಲೆ ನಿಲ್ಲುವ ಬ್ಯಾಟರಿಯ ದೊಡ್ಡ ಫ್ಲ್ಯಾಶೇ ಬೇಕೋ, ಅದಕ್ಕೆ ಛತ್ರಿ ಹಿಡಿಯಬೇಕೋ, ಸಾಫ್ಟ್‌ಬಾಕ್ಸ್ ಕಟ್ಟಬೇಕೋ, ಅಥವಾ ಅಂಗಡಿಯವರು ಹೇಳುವಂತೆ ಬಿಳಿಯ ಪ್ಲಾಸ್ಟಿಕ್ ಟೋಪಿಯೊಂದನ್ನು ತೊಡಿಸಿದರೆ ಸಾಲದೋ ಎಂದು ಕೇಳಿದ್ದಾರೆ. ಬಹು ಸೊಗಸಾದ ಪ್ರಶ್ನೆ. ಇದರ ಉತ್ತರ ಬಹುಮಟ್ಟಿಗೆ ಶಾಲೆಯ ರೇಖಾಗಣಿತದಿಂದಲೇ ದೊರೆಯುತ್ತದೆ.

ಯಂತ್ರದ ಒಡಲನ್ನು ವಿವರಿಸಲು ನಾನಿಲ್ಲಿ ನಿಲ್ಲುವುದಿಲ್ಲ. ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತು ಕ್ಸೆನಾನ್ ಅನಿಲ ತುಂಬಿದ ಗಾಜಿನ ನಳಿಕೆಯಲ್ಲಿ ಒಮ್ಮೆಗೇ ಹರಿದು ಬೆಳಕಾಗುತ್ತದೆಂಬುದನ್ನೂ, 1930ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಗರ್ಟನ್ ಈ ವಿದ್ಯೆಯನ್ನು ಛಾಯಾಗ್ರಹಣಕ್ಕೆ ಒಗ್ಗಿಸಿದರೆಂಬುದನ್ನೂ ಅರಿತರೆ ಸದ್ಯಕ್ಕೆ ಸಾಕು. ಆದರೆ ಆ ಪ್ಲಾಸ್ಟಿಕ್ ಟೋಪಿಯ ವಿಷಯವಾಗಿ ಸುಮ್ಮನಿರಲಾರೆ.

ಬೆಳಕು ಮೃದುವಾಗುವುದೆಂದರೆ ನೆರಳಿನ ಅಂಚು ಮೃದುವಾಗುವುದು. ಆ ಅಂಚು, ಮುಖದ ಕಡೆಯಿಂದ ನೋಡಿದಾಗ ದೀಪವು ಎಷ್ಟು ಅಗಲವಾಗಿ ಕಾಣುವುದೋ ಅದನ್ನು ಅವಲಂಬಿಸಿದೆಯೇ ಹೊರತು, ದೀಪದ ಮುಂದೆ ಬಿಳಿಯದೇನನ್ನಾದರೂ ಅಡ್ಡ ಇಟ್ಟ ಮಾತ್ರಕ್ಕೆ ಬದಲಾಗದು. ಸೂರ್ಯನ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್; ಆದರೂ ಅವನು 15 ಕೋಟಿ ಕಿಲೋಮೀಟರ್ ದೂರದಲ್ಲಿರುವುದರಿಂದ ನಮ್ಮ ಕಣ್ಣಿಗೆ ಅರ್ಧ ಡಿಗ್ರಿಯಷ್ಟೇ ಅಗಲ; ಆದ್ದರಿಂದಲೇ ಮಧ್ಯಾಹ್ನದ ಬಿಸಿಲಿನ ನೆರಳು ಕೊರೆದಂತೆ ನಿಷ್ಠುರ. ಏಳೆಂಟು ಸೆಂಟಿಮೀಟರ್ ಅಗಲದ ನಮ್ಮ ಫ್ಲ್ಯಾಶನ್ನು ವಧುವಿನಿಂದ ಎಂಟು ಮೀಟರ್ ದೂರದಲ್ಲಿಟ್ಟು ನೋಡಿ: ಅದರ ಅಗಲವೂ ಸರಿಸುಮಾರು ಅದೇ ಅರ್ಧ ಡಿಗ್ರಿ! ಚಪ್ಪರದೊಳಗೆ ನಡುಹಗಲಿನ ಸೂರ್ಯನೊಬ್ಬನನ್ನು ತಂದು ನಿಲ್ಲಿಸಿದಂತಾಯಿತು. ಅದಕ್ಕೆ ಅಷ್ಟೇ ಅಗಲದ ಟೋಪಿ ಹಾಕಿದರೆ ಅಗಲ ಹೆಚ್ಚಿತೆ? ಇಲ್ಲ, ಬೆಳಕು ಸೋರಿಹೋಯಿತು, ಬ್ಯಾಟರಿ ಬೇಗ ಬರಿದಾಯಿತು. ಸುಣ್ಣ ಬಳಿದ ಚಿಕ್ಕ ಕೋಣೆಯಲ್ಲಿ ಮಾತ್ರ ಆ ಟೋಪಿ ಬೆಳಕನ್ನು ಗೋಡೆಗಳಿಗೆ ಚೆಲ್ಲಿ, ಗೋಡೆಗಳನ್ನೇ ದೀಪವಾಗಿಸುವುದರಿಂದ ಅದಕ್ಕೊಂದು ಕೀರ್ತಿ ಬಂದಿದೆ. ಬಯಲಿನಲ್ಲಿ ಆ ಕೀರ್ತಿ ಸಲ್ಲದು. ಇದಕ್ಕೆ ಪ್ರತಿಯಾಗಿ, ಒಂದು ಮೀಟರ್ ಅಗಲದ ಬಿಳಿಯ ಛತ್ರಿಯನ್ನು ಮುಖದಿಂದ ಒಂದು ಮೀಟರ್ ದೂರದಲ್ಲಿ ಹಿಡಿದರೆ ಅದರ ಅಗಲ 53 ಡಿಗ್ರಿ, ಎಂದರೆ ಸೂರ್ಯಬಿಂಬದ ನೂರು ಪಟ್ಟು. ಅದೇ ಛತ್ರಿಯನ್ನು ಮುಖದಿಂದ ನಾಲ್ಕು ಮೀಟರ್ ದೂರಕ್ಕೊಯ್ದರೆ 14 ಡಿಗ್ರಿ ಮಾತ್ರ. ದುಬಾರಿ ಸಾಫ್ಟ್‌ಬಾಕ್ಸನ್ನು ದೂರ ನಿಲ್ಲಿಸುವವನಿಗಿಂತ ಅಗ್ಗದ ಛತ್ರಿಯನ್ನು ಹತ್ತಿರ ಹಿಡಿಯುವವನೇ ಜಾಣನೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಸಾಫ್ಟ್‌ಬಾಕ್ಸಿನ ಹೆಚ್ಚುಗಾರಿಕೆ ಬೇರೆಡೆಯಲ್ಲಿದೆ. ಛತ್ರಿ ಬೆಳಕನ್ನು ಎಲ್ಲೆಡೆಗೂ ಎರಚುತ್ತದೆ, ಮುಂಬದಿಗೆ ಮಾತ್ರ ಬಿಳಿಯ ಬಟ್ಟೆ ಬಿಗಿದ ಈ ಪೆಟ್ಟಿಗೆಯಾದರೋ ಬೇಕಾದೆಡೆಗೆ ಮಾತ್ರ ಬಿಡುತ್ತದೆ. ಗುಲಾಬಿ, ಹಳದಿ ಪಟ್ಟೆಗಳ ಶಾಮಿಯಾನದ ಕೆಳಗೆ ಈ ಗುಣ ಅಮೂಲ್ಯ. ಚಿಕ್ಕ ಫ್ಲ್ಯಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಿ ಛಾವಣಿಗೆ ಬೆಳಕು ಹೊಡೆಯುವ ಅಭ್ಯಾಸ ಛತ್ರದ ಬಿಳಿಯ ಗೋಡೆಗಳ ನಡುವೆ ಉತ್ತಮವೇ. ಶಾಮಿಯಾನದಲ್ಲಿಯಾದರೆ ಬಟ್ಟೆಯ ಬಣ್ಣವನ್ನೆಲ್ಲ ಹೊತ್ತುಕೊಂಡೇ ಬೆಳಕು ಕೆಳಗಿಳಿದು, ಮದುಮಗಳ ಹಣೆ ಗುಲಾಬಿಯಾಗಿ, ಗಲ್ಲ ಹಳದಿಯಾಗಿ, ಯಾವ ವೈಟ್ ಬ್ಯಾಲೆನ್ಸಿಗೂ ಜಗ್ಗದ ಚಿತ್ರವೊಂದು ಉಳಿಯುತ್ತದೆ. ಕಲ್ಲಿನ ಮಂಟಪದ ಕಪ್ಪು ಛಾವಣಿಯಂತೂ ಬೆಳಕನ್ನು ನುಂಗಿಯೇ ಬಿಡುವುದು.

ಬಲದ ಲೆಕ್ಕ ಸುಲಭ. ಬೆಟ್ಟದ ಬಂಡೆಯ ಮೇಲೆ, ನೆತ್ತಿಯ ಬಿಸಿಲಿನಲ್ಲಿ, ಐಎಸ್‌ಒ 100, ಸೆಕೆಂಡಿನ 1/200 ಭಾಗ, ಎಫ್/11 ಎಂದಿಟ್ಟುಕೊಂಡು, ಸೂರ್ಯನಿಗೆ ಸಮನಾಗಿ ಮುಖಕ್ಕೆ ಬೆಳಕು ತುಂಬಬೇಕಾದರೆ, ಸುಮಾರು 75 ವ್ಯಾಟ್ ಸೆಕೆಂಡಿನ ಚಿಕ್ಕ ಫ್ಲ್ಯಾಶ್, ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗುವ ಛತ್ರಿಯನ್ನು ಹೊತ್ತು ಏದುಸಿರು ಬಿಡುತ್ತದೆ. ಅಲ್ಲಿಗೆ 200 ವ್ಯಾಟ್ ಸೆಕೆಂಡಿನ ಬ್ಯಾಟರಿ ಫ್ಲ್ಯಾಶೇ ಯೋಗ್ಯ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕಿಳಿಯುವ ನಿಯಮವನ್ನು ಮರೆಯದಿದ್ದರೆ ಉಳಿದುದೆಲ್ಲ ತಾನಾಗಿ ತಿಳಿಯುವುದು.

ಇನ್ನು ನನ್ನನ್ನು ಪುನಃ ಪುನಃ ಬೆರಗುಗೊಳಿಸುವ ಸಂಗತಿ. ಗಟ್ಟಿಮೇಳ ಮೊಳಗಿ, ತಾಳಿಯ ಗಂಟು ಬೀಳುತ್ತಿರುವಾಗ ನಾಲ್ಕೂ ಕಡೆಯಿಂದ ಅಕ್ಷತೆ ಹಾರುತ್ತದಷ್ಟೆ. ಒಂದು ಮೀಟರ್ ಕೆಳಗೆ ಬಿದ್ದ ಅಕ್ಕಿಕಾಳಿನ ವೇಗ ಸೆಕೆಂಡಿಗೆ ಸುಮಾರು ನಾಲ್ಕೂವರೆ ಮೀಟರ್. ಪೂರ್ಣಬಲದಲ್ಲಿ ಚಿಕ್ಕ ಫ್ಲ್ಯಾಶ್ ಬೆಳಗುವುದು ಸೆಕೆಂಡಿನ 1/900 ಭಾಗದ ಆಸುಪಾಸು. ಅಷ್ಟರಲ್ಲಿ ಕಾಳು ಐದು ಮಿಲಿಮೀಟರ್ ಸರಿದು, ತನ್ನ ಉದ್ದದಷ್ಟೇ ಉದ್ದದ ಹಳದಿ ಗೆರೆಯಾಗಿ ಮೂಡುತ್ತದೆ. ಅದೇ ಫ್ಲ್ಯಾಶಿನ ಬಲವನ್ನು ಹದಿನಾರನೆಯ ಒಂದು ಭಾಗಕ್ಕೆ ತಗ್ಗಿಸಿರಿ: ಒಳಗಿನ ಸ್ವಿಚ್ಚು ವಿದ್ಯುತ್ತಿನ ಹರಿವನ್ನು ನಡುವೆಯೇ ಕತ್ತರಿಸುವುದರಿಂದ ಬೆಳಕು 1/10,000 ಸೆಕೆಂಡಿನಲ್ಲೇ ಮುಗಿದು, ಕಾಳು ಅರ್ಧ ಮಿಲಿಮೀಟರನ್ನೂ ದಾಟದೆ, ಅರಿಸಿನ ಹಿಡಿದ ಅಂಚು, ಮುರಿದ ತುದಿ ಎಲ್ಲವನ್ನೂ ತೋರುತ್ತ ಗಾಳಿಯಲ್ಲಿ ನಿಲ್ಲುತ್ತದೆ! ಬಲ ಕುಂದಿದಷ್ಟೂ ತೀಕ್ಷ್ಣತೆ ಹೆಚ್ಚುವ ಈ ಕೌತುಕವನ್ನು ಎಷ್ಟೋ ಮಂದಿ ವೃತ್ತಿನಿರತರೂ ಗಮನಿಸಿಲ್ಲ. ಚಪ್ಪರದ ಇತರ ದೀಪಗಳು ಮಂದವಾಗಿದ್ದರೆ ಮಾತ್ರ ಇದು ಫಲಿಸುವುದು. ಐಎಸ್‌ಒ 400ಕ್ಕೇರಿಸಿ ಹತ್ತಿರ ನಿಂತರೆ ಬೆಳಕಿನ ಕೊರತೆ ತುಂಬುತ್ತದೆ. ವೋಲ್ಟೇಜ್ ಇಳಿಸಿ ಬಲ ತಗ್ಗಿಸುವ ಕೆಲವು ಸ್ಟುಡಿಯೋ ದೀಪಗಳಲ್ಲಿ ನಡೆಯುವುದು ಇದಕ್ಕೆ ವಿಪರೀತವಾದುದರಿಂದ, ಕೊಳ್ಳುವ ಮುನ್ನ ಕೈಪಿಡಿಯಲ್ಲಿ ಬೆಳಕಿನ ಅವಧಿಯ ಪಟ್ಟಿಯನ್ನು ತೆರೆದು ನೋಡುವುದು ಅವಶ್ಯ.

ಈ ವೃತ್ತಿಗಿಳಿಯುವವರಿಗೆ ಬೆಳಕಿನದಲ್ಲದ ತೊಡಕೊಂದೂ ಎದುರಾಗುವುದುಂಟು. ಚಿತ್ರ ಹಿಡಿಸಿದರೆ ಆಯುಷ್ಯ ಕ್ಷೀಣಿಸುವುದೆಂದು ಮುಖ ಮುಚ್ಚಿಕೊಳ್ಳುವ ಹಿರಿಯರೂ, ಮೂವರು ಜೊತೆಯಾಗಿ ನಿಂತರೆ ಕೇಡೆಂದು ನಾಲ್ಕನೆಯವರನ್ನು ಹುಡುಕುವ ಬಂಧುಗಳೂ ಇಂದಿಗೂ ಮದುವೆಮನೆಗಳಲ್ಲಿದ್ದಾರೆ. ಇದು ಶುದ್ಧ ಮೌಢ್ಯ. ಇದಕ್ಕೆ ವಿದ್ಯಾವಂತರು ತಲೆದೂಗುವುದು ಇನ್ನೂ ಶೋಚನೀಯ. ನಾಗರಹೊಳೆಯಲ್ಲಿ 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕಾಡಿನ ದಾರಿಗಳ ಇಕ್ಕೆಲದಲ್ಲಿ ಕ್ಯಾಮೆರಾ ಕಟ್ಟಿ, ಹಾಯ್ದುಹೋಗುವ ಹುಲಿಗಳನ್ನು ಫ್ಲ್ಯಾಶಿನ ಬೆಳಕಿನಲ್ಲಿ ಸೆರೆಹಿಡಿದು, ಪಟ್ಟೆಗಳಿಂದ ಒಂದೊಂದನ್ನೂ ಗುರುತಿಸಿದರು. ಒಮ್ಮೆ ಬೆಳಕು ಬಿದ್ದ ಹುಲಿಗಳೇ ಮುಂದಿನ ವರ್ಷಗಳಲ್ಲಿಯೂ ಮತ್ತೆ ಮತ್ತೆ ಚಿತ್ರಗಳಲ್ಲಿ ಕಾಣಿಸಿಕೊಂಡುದರಿಂದಲೇ ಅವುಗಳ ಅಳಿವು ಉಳಿವಿನ ಲೆಕ್ಕ ಸಾಧ್ಯವಾಯಿತು. ಹುಲಿಯ ಆಯುಷ್ಯಕ್ಕೆ ತಟ್ಟದ ದೋಷ ನಮ್ಮ ಅಜ್ಜಿಯರಿಗೇಕೆ ತಟ್ಟೀತು?

ಆವತಿಯ ಆ ತರುಣರಿಗೆ ನನ್ನ ಸಲಹೆ: ಮೊದಲು ತಲೆ ತಿರುಗುವ, ಬಲವನ್ನು ಕೈಯಿಂದಲೇ ಹೊಂದಿಸಬಲ್ಲ ಚಿಕ್ಕ ಫ್ಲ್ಯಾಶ್ ಒಂದು, ದೂರದಿಂದ ಅದನ್ನು ಬೆಳಗಿಸುವ ಟ್ರಿಗರ್ ಒಂದು, ಮೀಟರ್ ಅಗಲದ ಬಿಳಿಯ ಛತ್ರಿ ಒಂದು. ಹೊರಾಂಗಣದ ಕೆಲಸ ಹೆಚ್ಚಿದ ಮೇಲೆ 200 ವ್ಯಾಟ್ ಸೆಕೆಂಡಿನ ದೀಪವನ್ನೂ ಸಾಫ್ಟ್‌ಬಾಕ್ಸನ್ನೂ ಕೊಳ್ಳಲಿ. ಬೆಟ್ಟದ ಮೇಲೆ ಛತ್ರಿ ಗಾಳಿಗೆ ಸಿಕ್ಕಿದರೆ ಸ್ಟ್ಯಾಂಡು, ಫ್ಲ್ಯಾಶು ಎಲ್ಲವೂ ಬಂಡೆಗೆ ಬಡಿದಾವು. ಅಲ್ಲಿ ಸ್ಟ್ಯಾಂಡಿನ ಬುಡಕ್ಕೆ ಮರಳಿನ ಚೀಲ ಕಟ್ಟಲಿ, ಗಾಳಿ ಜೋರಾಗಿದ್ದರೆ ಸಹಾಯಕನೊಬ್ಬನ ಕೈಗೇ ಕೊಟ್ಟು, ಚೌಕಟ್ಟಿನೊಳಗೆ ಬಾರದಂತೆ ವಧೂವರರಿಗೆ ಆದಷ್ಟು ಹತ್ತಿರ ನಿಲ್ಲಿಸಲಿ.